ಟೆಸ್ಟರಕ್ಕನ ಕೂಳಿ ದೀಪಗಳು

ನನ್ನ ಸೋದರತ್ತೆಗೆ ಪೇಟೆಬೀದಿಯವರು ಇಟ್ಟ ಹೆಸರು ಟೆಸ್ಟರಕ್ಕ. ಉಳಿದ ಹೆಂಗಸರು ತುರುಬಿಗೆ ಪಿನ್ನು ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಅವಳು ಹಳದಿ ಹಿಡಿಯ ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದಳು. ಅದನ್ನು ಅಲ್ಲೇ ಮರೆತು ಇಡೀ ಅಂಗಡಿ ತಡಕಾಡುತ್ತಿದ್ದಳು. ಕೊನೆಗೆ ಪಕ್ಕದ ಚಪ್ಪಲಿ ರಿಪೇರಿಯವನು ತಲೆಯೆತ್ತದೆಯೇ, "ತಲೆ ಮೇಲೆ ನೋಡ್ಕೊಳ್ಳಿ ಅಕ್ಕಾ" ಅನ್ನಬೇಕು.

ಆ ಎಲೆಕ್ಟ್ರಿಕ್ ಅಂಗಡಿ ನನ್ನ ತಾತನದು. ಇಬ್ಬರು ಎದುರುಬದುರಾಗಿ ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದಷ್ಟು ಇಕ್ಕಟ್ಟು. ಗೋಡೆಯ ತುಂಬ ಸ್ವಿಚ್ಚು, ವೈರಿನ ಸುರುಳಿ, ಸುಟ್ಟ ಮೋಟರಿನ ವಾಸನೆ. ತಾತ ತೀರಿಕೊಂಡಾಗ ನ್ಯಾಯವಾಗಿ ಅಂಗಡಿ ನನ್ನ ಅಪ್ಪನಿಗೆ ಬರಬೇಕಿತ್ತು. ಆದರೆ ಅಪ್ಪನಿಗೆ ಕರೆಂಟ್ ಎಂದರೆ ಪ್ರಾಣಭಯ. ಮನೆಯ ಸ್ವಿಚ್ಚನ್ನೂ ಮರದ ಸ್ಕೇಲಿನಿಂದ ಒತ್ತುವ ಮನುಷ್ಯ. ಚಿಕ್ಕಂದಿನಿಂದ ತಾತನ ಏಣಿ ಹಿಡಿದುಕೊಂಡು ಬೆಳೆದ ಅತ್ತೆ ಸದ್ದಿಲ್ಲದೆ ಬೀಗದ ಕೈ ಎತ್ತಿಕೊಂಡಳು. ಮದುವೆಯ ಮಾತು ಬಂದಾಗಲೆಲ್ಲ "ಷಾಕ್ ಹೊಡೆಸಿಕೊಳ್ಳೋಕೆ ಅಂಗಡಿ ಇದೆಯಲ್ಲ, ಸಾಕು" ಎಂದು ಎದ್ದು ಹೋಗುತ್ತಿದ್ದಳು.

ಅವಳಲ್ಲಿ ಒಂದೇ ಒಂದು ದೋಷ ಎಂದು ನನ್ನಮ್ಮ ಹೇಳುತ್ತಿದ್ದಳು. ಮೊದಲು ಮಾತು ಕೊಡುವುದು, ಆಮೇಲೆ ತಲೆ ಕೆರೆದುಕೊಳ್ಳುವುದು. ನಾನು ಹೇಳಹೊರಟಿರುವುದೆಲ್ಲ ಆ ದೋಷದಿಂದಲೇ ಆದದ್ದು.

ಹೊಳೆಯಾಚೆ, ಕಾಡಿನ ಅಂಚಿನಲ್ಲಿ ಬುಡಕಟ್ಟು ಜನರ ಒಂದು ಹಾಡಿ ಇದೆ. ಅಲ್ಲಿಗೆ ಮೊದಲ ಸಲ ಕರೆಂಟ್ ಕಂಬ ಹೋದಾಗ ಮನೆಮನೆಗೆ ವೈರ್ ಎಳೆಯುವ ಕೆಲಸ ಯಾರಿಗೂ ಬೇಡವಾಗಿತ್ತು. ಬಸ್ಸಿಳಿದು ಹೊಳೆ ದಾಟಿ ಗುಡ್ಡ ಹತ್ತಬೇಕು. ಅತ್ತೆ ಹೂಂ ಎಂದುಬಿಟ್ಟಳು. ಏಣಿಯನ್ನು ತಲೆಯ ಮೇಲೆ ಹೊತ್ತು, ವೈರಿನ ಸುರುಳಿಯನ್ನು ಕೊರಳಿಗೆ ಹಾಕಿಕೊಂಡು ಹೊಳೆ ದಾಟಿದ ಅವಳನ್ನು ನೋಡಿ ಹಾಡಿಯ ನಾಯಿಗಳೂ ಬೊಗಳುವುದನ್ನು ಮರೆತವಂತೆ. ಇದು ಅವಳೇ ಹೇಳಿದ್ದು. ಸ್ವಲ್ಪ ಉಪ್ಪುಖಾರ ಸೇರಿಸಿರಬಹುದು.

ಹಾಡಿಯ ಕೊನೆಯ ಮನೆ ಒಬ್ಬ ಅಜ್ಜಿಯದು. ಮಗ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದು ಅಪರೂಪಕ್ಕೆ ಬರುತ್ತಿದ್ದ. ಮನೆಯಲ್ಲಿದ್ದವರು ಅಜ್ಜಿ, ಸೊಸೆ, ಸೊಸೆಯ ಕೈಗೂಸು. ಅತ್ತೆ ನಡುಮನೆಯ ತೊಲೆಗೆ ಹೋಲ್ಡರ್ ಹಾಕಿ, ಬಲ್ಬ್ ಸಿಕ್ಕಿಸಿ, ಸ್ವಿಚ್ಚು ಒತ್ತಿದಳು. ಬೆಳಕು ಧಡಕ್ಕನೆ ಬಂದು ಬಿತ್ತು. ಅಂಗಾತ ಮಲಗಿದ್ದ ಕೂಸು ಕಿಟಾರನೆ ಕಿರುಚಿಕೊಂಡಿತು. ಆರಿಸಿದರೆ ಸುಮ್ಮನಾಗುತ್ತದೆ, ಹಾಕಿದರೆ ಮತ್ತೆ ಶುರು.

"ಮಗೂಗೆ ಕಣ್ಣು ಚುಚ್ಚುತ್ತೆ ಅಕ್ಕ. ತೆಗೆದುಬಿಡಿ, ನಮಗೆ ಚಿಮಣಿ ಬುಡ್ಡಿನೇ ಸಾಕು" ಎಂದಳು ಸೊಸೆ.

ಹಾಕಿದ ದೀಪವನ್ನು ತೆಗೆಯುವುದೆಂದರೆ ಅತ್ತೆಗೆ ಮರ್ಯಾದೆ ಪ್ರಶ್ನೆ. ಮರೆ ಮಾಡಲು ಏನಾದರೂ ಸಿಕ್ಕೀತೇ ಎಂದು ಸುತ್ತ ನೋಡಿದಳು. ಗೋಡೆಯ ಗೂಟದಲ್ಲಿ ಒಂದು ಕೂಳಿ ನೇತಾಡುತ್ತಿತ್ತು. ಕೂಳಿ ಎಂದರೆ ಬಿದಿರಿನ ಸೀಳುಗಳಿಂದ ಹೆಣೆದ ಮೀನಿನ ಬಲೆಬುಟ್ಟಿ. ಸೋರೆಕಾಯಿಯಂತೆ ಉದ್ದ, ಒಂದು ಕಡೆ ಅಗಲ ಬಾಯಿ, ಬಾಯೊಳಗೆ ಒಳಮುಖವಾಗಿ ಚೂಪಾದ ಕಡ್ಡಿಗಳ ಇನ್ನೊಂದು ಗಂಟಲು. ಹರಿಯುವ ನೀರಿನಲ್ಲಿ ಇಟ್ಟರೆ ಮೀನು ಸಲೀಸಾಗಿ ಒಳಗೆ ಹೋಗುತ್ತದೆ, ಹೊರಗೆ ಬರಲಾಗುವುದಿಲ್ಲ. ಅತ್ತೆ ಅದನ್ನು ಇಳಿಸಿ, ಬಾಯಿ ಮೇಲೆ ಮಾಡಿ, ಬಲ್ಬನ್ನು ಗಂಟಲೊಳಗೆ ಇಳಿಬಿಟ್ಟು ತೊಲೆಗೆ ಕಟ್ಟಿದಳು.

ಬೆಳಕು ಸೋಸಿಕೊಂಡು ಹೊರಬಂತು. ಮಣ್ಣಿನ ಗೋಡೆಗಳ ಮೇಲೆಲ್ಲ ಕಡ್ಡಿಕಡ್ಡಿಯಾದ ನೆರಳು, ಗಾಳಿಗೆ ಮೆಲ್ಲನೆ ತಿರುಗುತ್ತ. ಕೂಸು ಅಳು ನಿಲ್ಲಿಸಿ ನೆರಳನ್ನು ಹಿಡಿಯಲು ಕೈ ಚಾಚಿತು. ಹಿತ್ತಿಲಿನಿಂದ ಬಂದ ಅಜ್ಜಿ ಬಾಗಿಲಲ್ಲೇ ನಿಂತಳು.

"ಲೇ ಮಗಳೇ, ನನ್ನ ಕೂಳಿ ಯಾಕೆ ಅಲ್ಲಿ ನೇತು ಹಾಕಿದ್ದೀಯ? ಗಾಳೀಲಿ ಮೀನು ಹಿಡೀತೀಯಾ?"

"ಮೀನಲ್ಲ ಅಜ್ಜಿ, ಬೆಳಕು ಹಿಡಿದಿದ್ದೀನಿ."

"ಬೆಳಕು ಸೋರಿಹೋಗ್ತಾ ಇದೆಯಲ್ಲೇ!" ಎಂದು ಅಜ್ಜಿ ಬಾಯಿತುಂಬ ನಕ್ಕಳು. ಅವಳ ಬಾಯಲ್ಲಿ ಹಲ್ಲುಗಳಿಗಿಂತ ನಗುವೇ ಜಾಸ್ತಿ.

ನೈಲಾನ್ ಬಲೆ ಬಂದ ಮೇಲೆ ಕೂಳಿ ಕೇಳುವವರೇ ಇಲ್ಲ ಎಂದು ಅಂದು ಚಹಾ ಕುಡಿಯುತ್ತ ಅಜ್ಜಿ ಹೇಳಿದಳು. ಸೊಸೆಗೂ ಹೆಣಿಗೆ ಚೆನ್ನಾಗಿ ಬರುತ್ತದೆ, ಆದರೆ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಹೋಗುತ್ತಾಳೆ. ಅವಳ ಅಂಗೈ ಇಟ್ಟಿಗೆಯ ಬಣ್ಣಕ್ಕೇ ತಿರುಗಿತ್ತು. ಹೊರಡುವಾಗ ಅಜ್ಜಿ ಒಂದು ಹಳೆಯ ಕೂಳಿಯನ್ನು ಅತ್ತೆಯ ಕೈಗಿಟ್ಟಳು. "ತಗೋ. ನಿನಗೆ ಮೀನಂತೂ ಬೀಳಲ್ಲ. ಬಲ್ಬಾದ್ರೂ ಬೀಳಲಿ."

ಅಂಗಡಿಯ ಸೂರಿಗೆ ಆ ಕೂಳಿ ದೀಪ ಬಂದದ್ದೇ ತಡ, ಫ್ಯೂಸ್ ವೈರ್ ಕೇಳಲು ಬಂದವರೆಲ್ಲ ತಲೆಯೆತ್ತಿ ನಿಲ್ಲತೊಡಗಿದರು. ಹೊಳೆ ರಸ್ತೆಯ ತಿರುವಿನಲ್ಲಿ ಹೊಸದಾಗಿ ಹೋಟೆಲ್ ತೆರೆಯುತ್ತಿದ್ದ ಒಬ್ಬ ದಪ್ಪ ಮೀಸೆಯ ಯಜಮಾನ ಸ್ವಿಚ್‌ಬೋರ್ಡ್ ಕೊಳ್ಳಲು ಬಂದವನು, ಅದನ್ನು ಮರೆತು ಕೇಳಿದ.

"ಇಂಥವು ಹೋಟೆಲ್ ಪೂರ್ತಿ ಬೇಕು. ಎಲ್ಲಾ ಒಂದೇ ಅಳತೇಲಿ. ಆಗುತ್ತಾ ಮೇಡಂ?"

"ಆಗುತ್ತೆ" ಎಂದಳು ಅತ್ತೆ. ಯಾರನ್ನೂ ಕೇಳದೆ, ಹಿಂದುಮುಂದು ನೋಡದೆ.

ಆಮೇಲೆ ತಲೆ ಕೆರೆದುಕೊಳ್ಳುತ್ತ ಹಾಡಿಗೆ ಓಡಿದಳು. ಅಜ್ಜಿಗೆ ಹೆಣೆಯಲು ಅಡ್ಡಿಯಿರಲಿಲ್ಲ. ಅಳತೆಯದೇ ಪೇಚಾಟ. ಅಜ್ಜಿ ಗೇಣು ಹಾಕಿ ಅಳೆಯುತ್ತಿದ್ದಳು. ಸೊಸೆಯ ಗೇಣು ಬೇರೆ, ಪಕ್ಕದ ಮನೆಯವಳ ಗೇಣು ಬೇರೆ. ಒಂದು ಕೂಳಿ ಕುಂಬಳಕಾಯಿ, ಒಂದು ಸೌತೆಕಾಯಿ. ಅತ್ತೆ ಅಂಗಡಿಯ ಗುಜರಿಯಲ್ಲಿದ್ದ ಹಳೆಯ ಟೇಬಲ್ ಫ್ಯಾನುಗಳ ಮುಂಬದಿಯ ಜಾಲರಿ ಬಿಚ್ಚಿ, ಅದರ ಉಂಗುರಗಳನ್ನು ಬೇರೆ ಮಾಡಿ ತಂದಳು. ಉಂಗುರದ ಸುತ್ತ ಹೆಣಿಗೆ ಶುರು ಮಾಡಿ, ಮುಗಿದ ಮೇಲೆ ಉಂಗುರ ಎಳೆದುಕೊಳ್ಳುವುದು. ಅಜ್ಜಿ ಅದಕ್ಕೆ "ಬಳೆ" ಎಂದು ಹೆಸರಿಟ್ಟಳು. "ಮುದುಕೀಗೆ ಬಳೆ ತೊಡಿಸೋಕೆ ಬಂದಿದ್ದಾಳೆ" ಎಂದು ಕೇರಿಗೆಲ್ಲ ಕೇಳುವಂತೆ ಹೇಳಿದಳು.

ಗಂಟಲಿನ ವಿಷಯದಲ್ಲಿ ಮಾತ್ರ ಅಜ್ಜಿ ಬಗ್ಗಲಿಲ್ಲ. ದೀಪಕ್ಕೆ ಒಳಗಂಟಲು ಯಾಕೆ, ಬಿಟ್ಟುಬಿಡಿ, ಕೆಲಸ ಅರ್ಧ ಆಗುತ್ತದೆ ಎಂದು ಅತ್ತೆ ಹೇಳಿದ್ದಕ್ಕೆ, "ಗಂಟಲಿಲ್ಲದ ಕೂಳಿ ನಾನು ಹುಟ್ಟಿಸಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದಳು. ಗೋಡೆಯ ಮೇಲಿನ ಆ ಚೆಂದದ ನೆರಳು ಬರುತ್ತಿದ್ದದ್ದೂ ಗಂಟಲಿನ ಕಡ್ಡಿಗಳಿಂದಲೇ ಎಂದು ಹಚ್ಚಿ ನೋಡಿದಾಗ ಗೊತ್ತಾಯಿತು. ಸರಿ, ಗಂಟಲು ಉಳಿಯಿತು. ಆದರೆ ಬಲ್ಬ್ ಒಳಗೆ ಹೋದದ್ದು ಹೊರಗೆ ಬರಲಿಲ್ಲ! ಮೀನಿನ ಗತಿಯೇ ಅದಕ್ಕೂ. ಬಲ್ಬ್ ಸುಟ್ಟರೆ ಕೂಳಿಯನ್ನೇ ಕತ್ತರಿಸಬೇಕು. ಅತ್ತೆ ಕತ್ತರಿ ಹಿಡಿದು ಪರದಾಡುವುದನ್ನು ನೋಡಿ ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮೀನು ತೆಗೆಯೋಕೆ ಬಾಲದಲ್ಲಿ ಬಾಗಿಲಿರುತ್ತಲ್ಲ ಅಕ್ಕ. ಎಲೆ ಮುಚ್ಚಿರ್ತೀವಿ ಅಷ್ಟೇ. ಅಲ್ಲೊಂದು ಮುಚ್ಚಳ ಹೆಣೆದರಾಯ್ತು." ಬಾಲಕ್ಕೆ ಪುಟ್ಟ ಮುಚ್ಚಳ ಬಂತು. ಅದಕ್ಕೊಂದು ಕುಣಿಕೆಯೂ ಬಂತು.

ಸೊಸೆ ಇಟ್ಟಿಗೆ ಗೂಡಿನ ಕೆಲಸ ಬಿಟ್ಟಳು. ಅತ್ತೆಯ ಮಾತು ನಂಬಿಕೊಂಡೇ ಬಿಟ್ಟಳು. ಅಕ್ಕಪಕ್ಕದ ಮನೆಯವರೂ ಕೂಡಿಕೊಂಡರು. ಹೋಟೆಲ್ ಶುರುವಾದ ದಿನ ಎಲ್ಲ ಮೇಜುಗಳ ಮೇಲೂ ಕೂಳಿಗಳು ತೂಗಾಡಿದವು. ಮೀಸೆಯ ಯಜಮಾನ ಬಂದವರಿಗೆಲ್ಲ ಊಟಕ್ಕಿಂತ ಮೊದಲು ದೀಪ ತೋರಿಸುತ್ತಿದ್ದ.

ಬೇಸಿಗೆ ಶುರುವಾಗುವಷ್ಟರಲ್ಲಿ ಅವನ ಫೋನ್ ಬಂತು.

"ಮೇಡಂ, ನಿಮ್ಮ ದೀಪದಿಂದ ಊಟದ ತಟ್ಟೆಗೆ ಹಿಟ್ಟು ಉದುರ್ತಿದೆ. ನಿನ್ನೆ ಒಬ್ಬ ಗಿರಾಕಿ ಉಪ್ಪು ಅಂದ್ಕೊಂಡು ಕಲಸ್ಕೊಂಡು ತಿಂದಿದ್ದಾನೆ. ಬಂದು ತೆಗೀತೀರೋ, ನಾನೇ ಬೆಂಕಿಗೆ ಹಾಕಲೋ?"

ಅತ್ತೆ ಹೋಗಿ ನೋಡಿದಳು. ಬಿದಿರಿನ ತುಂಬ ಸೂಜಿಮೊನೆಯಂಥ ತೂತುಗಳು. ಕಿವಿ ಹಚ್ಚಿದರೆ ಒಳಗಿನಿಂದ ಕರಕರ ಸದ್ದು. ಕುಟ್ಟೆ ಹುಳ ಹಿಡಿದಿತ್ತು. ಒಂದೊಂದೇ ಇಳಿಸಿ, ಬಾಡಿಗೆ ಟೆಂಪೋದಲ್ಲಿ ಹೇರಿಕೊಂಡು ಬಂದು ಅಂಗಡಿಯ ಹಿಂದಿನ ಅಂಗಳದಲ್ಲಿ ರಾಶಿ ಹಾಕಿದಳು.

ಸುಳ್ಳು ಹೇಳಿ ದಿನ ದೂಡುವ ಜಾಯಮಾನ ಅವಳದಲ್ಲ. ಮರುದಿನವೇ ಒಂದು ದೀಪ ಎತ್ತಿಕೊಂಡು ಹಾಡಿಗೆ ಹೋದಳು. ಅಜ್ಜಿ ಅದನ್ನು ಕಲ್ಲಿನ ಮೇಲೆ ಕುಟ್ಟಿದಳು. ಹಳದಿ ಪುಡಿ ಬುಳಬುಳನೆ ಸುರಿಯಿತು.

"ನನ್ನ ಕೂಳಿಗೆ ಯಾವತ್ತೂ ಹುಳ ಬಿದ್ದಿಲ್ಲ" ಎಂದಳು ಅಜ್ಜಿ.

"ಬಿದ್ದಿದೆಯಲ್ಲ ಅಜ್ಜಿ."

"ನಿಮ್ಮ ಪೇಟೆ ಹುಳ ಅದು. ನಮ್ಮದಲ್ಲ."

ಸೊಸೆ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ನಿಂತಿದ್ದಳು. ಅವಳ ದನಿ ಜೋರಾಗಲಿಲ್ಲ. ಅದೇ ಅತ್ತೆಗೆ ಹೆಚ್ಚು ನೋವು ಕೊಟ್ಟದ್ದು. "ಗೂಡಿನ ಮೇಸ್ತ್ರಿ ನನ್ನ ಜಾಗಕ್ಕೆ ಬೇರೆಯವಳನ್ನ ತಗೊಂಡಾಯ್ತು ಅಕ್ಕ. ನಿಮಗೇನು, ಅಂಗಡಿ ಇದೆ. ಬಾಗಿಲು ತೆಗೆದ್ರೆ ಬೇರೆ ದೀಪ ಮಾರ್ತೀರಿ. ನಾವೇನು ಮಾಡೋಣ ಹೇಳಿ?" ಎಂದು ಒಳಗೆ ಹೋದಳು.

ಮನೆಯಲ್ಲಿ ಅವಳ ಬಾಯಿ ಬಿದ್ದುಹೋಯಿತು. ಊಟಕ್ಕೆ ಕುಳಿತರೆ ಲೋಕದ ಸುದ್ದಿಯನ್ನೆಲ್ಲ ಹರವುತ್ತಿದ್ದವಳು ಗೋಡೆ ನೋಡಿಕೊಂಡು ತುತ್ತು ನುಂಗುತ್ತಿದ್ದಳು. "ಬಯ್ಯೋದಾದ್ರೂ ಬಯ್ಯಿ ಮಾರಾಯ್ತಿ" ಎಂದು ಅಮ್ಮ ಅಂಗಲಾಚಿದರೂ ಇಲ್ಲ. ಆಮೇಲೆ ಅಮ್ಮ ನನ್ನ ಕಿವಿಯಲ್ಲಿ, "ಫ್ಯೂಸ್ ಹೋಗಿದೆ ಕಣೆ" ಎಂದಳು.

ಹಾಗೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಸುಮ್ಮನೆ ಕುಳಿತಿದ್ದಾಗ ಸೂರಿನ ಕೂಳಿಯ ಮೇಲೆ ಕಣ್ಣು ಬಿತ್ತು. ಅಜ್ಜಿ ಮೊದಲ ದಿನ ಕೊಟ್ಟ ಹಳೆಯದು. ಏಣಿ ಹತ್ತಿ ಇಳಿಸಿದಳು. ಟಾರ್ಚ್ ಬಿಟ್ಟು ಕಡ್ಡಿಕಡ್ಡಿ ನೋಡಿದಳು. ಒಂದೂ ತೂತಿಲ್ಲ. ಚಪ್ಪಲಿಯವನನ್ನು ಕರೆದು ತೋರಿಸಿದಳು. ಅವನು ಮೂಸಿ ನೋಡಿ, "ಹಳೇ ಚರ್ಮ ನೆನೆ ಹಾಕಿದಂಗೆ ಹೊಳೆ ವಾಸನೆ ಅಕ್ಕ" ಎಂದ.

ಅತ್ತೆಗೆ ಹೊಳೆದದ್ದು ಆಗ. ಇದು ವರ್ಷಗಟ್ಟಲೆ ನೀರಿನಲ್ಲಿ ಬಿದ್ದಿದ್ದ ಕೂಳಿ. ಹೊಸವು ನೀರನ್ನೇ ಕಾಣದೆ ಹಸಿ ಬಿದಿರಿನಿಂದ ಸೀದಾ ಸೂರಿಗೇರಿದ್ದವು. ಶಟರ್ ಎಳೆದು, ಒಳಗೆ ಫ್ಯಾನ್ ತಿರುಗುತ್ತಿದ್ದುದನ್ನೂ ಮರೆತು ಬಸ್ಸು ಹಿಡಿದಳು.

ಅಜ್ಜಿ ಪೂರ್ತಿ ಕೇಳಿಸಿಕೊಂಡಳು. "ಇರಬಹುದು. ನಮ್ಮ ಕೂಳಿ ಯಾವಾಗಲೂ ನೀರಲ್ಲೇ ಬದುಕೋದು. ಒಣಗಿಸಿಟ್ಟರೆ ಏನಾಗುತ್ತೆ ಅಂತ ನಾನಾದ್ರೂ ಯಾವಾಗ ನೋಡಿದ್ದೆ? ನೋಡೋಣ, ನೆನೆ ಹಾಕೋಣ. ಹೊಳೆಗೇನು ಬಾಡಿಗೆ ಕೊಡಬೇಕಾ?"

ಸೊಸೆ ಹೊರಗೆ ಬರಲಿಲ್ಲ. ಅಜ್ಜಿ ಮತ್ತು ಅತ್ತೆ ಇಬ್ಬರೇ ಹೊಸದಾಗಿ ಹೆಣೆದ ಕೆಲವು ಕೂಳಿಗಳನ್ನು ಹೊಳೆಯ ಮಡುವಿನಲ್ಲಿ ಕಲ್ಲು ಹೇರಿ ಮುಳುಗಿಸಿದರು. ಅಜ್ಜಿಗೆ ಬಗ್ಗಲು ಆಗದು, ಅತ್ತೆಗೆ ಈಜು ಬಾರದು. ಒಬ್ಬರ ಸೆರಗು ಇನ್ನೊಬ್ಬರು ಹಿಡಿದುಕೊಂಡು ಮಾಡಿದ ಕೆಲಸ. ಅತ್ತೆ ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದಳು. ಸೊಸೆಯ ಜೊತೆ ಮಾತಿಲ್ಲ ಕತೆಯಿಲ್ಲ. ಅವಳು ಚಹಾದ ಲೋಟವನ್ನು ಇವಳ ಮುಂದೆ ಕುಕ್ಕಿ ಹೋಗುತ್ತಿದ್ದಳಷ್ಟೆ.

ಒಂದು ಬೆಳಿಗ್ಗೆ ಅತ್ತೆ ಗುಡ್ಡ ಹತ್ತುತ್ತಿದ್ದಾಗ ಮಡುವಿನ ಕಡೆಯಿಂದ ಸೊಸೆಯೇ ಓಡಿಬರುತ್ತಿರುವುದು ಕಂಡಿತು. ಸೀರೆ ಮೊಣಕಾಲಿನವರೆಗೆ ಒದ್ದೆ.

"ಅಕ್ಕಾ, ನಿಮ್ಮ ದೀಪಕ್ಕೆ ಮೀನು ಬಿದ್ದಿದೆ!"

ಗಂಟಲಿದ್ದ ಕೂಳಿಗಳಲ್ಲವೇ? ಅವು ತಮ್ಮ ಕಸುಬು ತಾವು ಮಾಡಿದ್ದವು. ಪ್ರತಿ ದೀಪದೊಳಗೂ ಮೀನು ಪಟಪಟ ಬಡಿಯುತ್ತಿದ್ದವು. ಅತ್ತೆ ದಡದಲ್ಲೇ ಕುಸಿದು ಕುಳಿತು ನಗತೊಡಗಿದಳು. ಸೊಸೆಯೂ ನಕ್ಕಳು. ನಗುನಗುತ್ತ ಇಬ್ಬರ ಕಣ್ಣಲ್ಲೂ ನೀರು ಬಂತು. ಅಂದು ಹಾಡಿಗೆಲ್ಲ ಮೀನಿನ ಊಟ. ಅತ್ತೆಯ ತಟ್ಟೆಗೆ ದೊಡ್ಡ ಮೀನನ್ನೇ ಬಡಿಸಿದ ಸೊಸೆ, "ಅವತ್ತು ಅಂದಿದ್ದು ಮನಸ್ಸಲ್ಲಿ ಇಟ್ಕೋಬೇಡಿ" ಎಂದಳು. "ಇಟ್ಕೊಂಡಿದ್ದಕ್ಕೇ ಬಂದಿದ್ದು ಕಣೆ" ಎಂದಳು ಅತ್ತೆ.

ನೆನೆದ ಕೂಳಿಗಳನ್ನು ಬಿಸಿಲಿಗೆ ಒಣಗಿಸಿ, ಮೀನಿನ ವಾಸನೆ ಹೋಗಲು ಒಲೆಯ ಹೊಗೆಯಲ್ಲಿ ತೂಗುಹಾಕಿದರು. ಅವುಗಳ ಮೈ ಜೇನಿನ ಬಣ್ಣಕ್ಕೆ ತಿರುಗಿತು. ಅತ್ತೆ ಅವನ್ನು ಹೊತ್ತು ಹೋಟೆಲಿಗೆ ಹೋದಾಗ ಯಜಮಾನ ಮೀಸೆ ಎತ್ತಿ ಮೂಸಿದ.

"ಸ್ವಲ್ಪ ಮೀನಿನ ವಾಸನೆ ಬರ್ತಿದೆಯಲ್ಲ ಮೇಡಂ?"

"ನಿಮ್ಮ ಅಡುಗೆಮನೆಯಿಂದ ಇರಬೇಕು" ಎಂದಳು ಅತ್ತೆ ಕಣ್ಣು ಮಿಟುಕಿಸದೆ. ಆಮೇಲೆ ದನಿ ತಗ್ಗಿಸಿ, "ಮಳೆಗಾಲ ಪೂರ್ತಿ ನೇತು ಹಾಕಿ ನೋಡಿ. ಒಂದು ಚಿಟಿಕೆ ಉದುರಿದರೂ ನಾನೇ ಇಳಿಸ್ಕೊಂಡು ಹೋಗ್ತೀನಿ, ಮತ್ತೆ ಮುಖ ತೋರಿಸಲ್ಲ."

ಅವನಿಗೂ ಬೇಕಿತ್ತು. ಬರಿ ಬಲ್ಬುಗಳ ಕೆಳಗೆ ತಿನ್ನುವಾಗ ಆಸ್ಪತ್ರೆಯಲ್ಲಿ ಕುಳಿತಂತಾಗುತ್ತದೆ ಎಂದು ಗಿರಾಕಿಗಳು ಗೊಣಗುತ್ತಿದ್ದರಂತೆ. ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯಿತು. ಏನೂ ಉದುರಲಿಲ್ಲ. ಅವನು ಉಳಿದ ಮೇಜುಗಳಿಗೂ ಹೇಳಿಕಳಿಸಿದ. ಊಟಕ್ಕೆ ಬಂದವರು ಎಲ್ಲಿ ಸಿಗುತ್ತದೆಂದು ವಿಚಾರಿಸತೊಡಗಿದರು.

ಆಗ ಅತ್ತೆಗೆ ಒಂದು ಹಟ ಹತ್ತಿತು. ಅಜ್ಜಿ ತನ್ನ ದೀಪಗಳನ್ನು ನೋಡಬೇಕು. ಅಜ್ಜಿ ಅಲ್ಲಿಯವರೆಗೆ ಹೊಳೆ ದಾಟಿದ್ದೇ ಅಪರೂಪ. "ನಾನೇ ಹೆಣೆದದ್ದನ್ನ ನಾನೇ ಹೋಗಿ ನೋಡೋದಾ? ಯಾರಾದ್ರೂ ನಗ್ತಾರೆ" ಎಂದು ನುಣುಚಿಕೊಂಡಳು. ಕೊನೆಗೆ ಸೊಸೆ ಗದರಿಸಿ ಹೊರಡಿಸಿದಳು.

ಹೋಟೆಲಿನಲ್ಲಿ ಆಗ ಊಟದ ಗದ್ದಲವಿನ್ನೂ ಶುರುವಾಗಿರಲಿಲ್ಲ. ನಾನೂ ಹೋಗಿದ್ದೆ. ಅಜ್ಜಿ ಒಳಗೆ ಬಂದವಳು ಕುರ್ಚಿಯ ಮೇಲೆ ಕುಳಿತುಕೊಳ್ಳದೆ, ನಡುವೆ ನಿಂತು ಕುತ್ತಿಗೆ ಹಿಂದಕ್ಕೆ ಚೆಲ್ಲಿದಳು. ಉರಿಯುತ್ತಿದ್ದ ದೀಪಗಳನ್ನು ನೋಡಿ ಕಣ್ಣು ಕಿರಿದು ಮಾಡಿದಳು.

"ಇವನ್ನ ಆರಿಸೋಕೆ ಹೇಳು. ಬೆಳಕಲ್ಲಿ ಏನೂ ಕಾಣಿಸ್ತಿಲ್ಲ."

ಯಜಮಾನ ಬೆಪ್ಪಾಗಿ ಅತ್ತೆಯ ಮುಖ ನೋಡಿದ. ನಂತರ ತಾನೇ ಹೋಗಿ ಆರಿಸಿದ. ಕಿಟಕಿಯ ಹಗಲು ಬೆಳಕಿನಲ್ಲಿ ಅಜ್ಜಿ ಒಂದೊಂದು ಮೇಜಿನ ಬಳಿಗೂ ಹೋಗಿ ಮೇಲೆ ನೋಡಿದಳು.

"ಇದು ನನ್ನ ಸೊಸೇದು, ಗಂಟು ಬಿಗಿ. ಇದು ಪಕ್ಕದ ಮನೆಯವಳದು, ಅವಳ ಕೈ ಎಡಕ್ಕೆ ಎಳೆಯುತ್ತೆ. ಇದು ನಂದು... ಇದೂ ನಂದು." ತನ್ನವುಗಳ ಮುಂದೆ ಅವಳು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಾಚಿಕೆಯೋ ಏನೋ. ಮೂಲೆಯ ಮೇಜಿನ ಬಳಿ ಮಾತ್ರ ಕಾಲು ನೆಟ್ಟು ನಿಂತಳು.

"ಇದನ್ನ ಯಾರು ಹೆಣೆದಿದ್ದು? ಕುಡಿದು ಹೆಣೆದಂಗಿದೆ."

ಅತ್ತೆ ಟೆಸ್ಟರನ್ನು ತುರುಬಿನಿಂದ ತೆಗೆದು ಮತ್ತೆ ಸಿಕ್ಕಿಸಿದಳು. "ನಾನೇ ಅಜ್ಜಿ. ನಿಮ್ಮ ಸೊಸೆ ಹತ್ರ ಕಲಿತೆ. ರಾಶಿಯಲ್ಲಿ ಒಂದು ಸೇರಿಸಿಬಿಟ್ಟೆ."

"ಜನ ಬಂದ್ರೆ ಅದರ ಹತ್ರನೇ ನಿಂತು ಫೋಟೋ ತೆಗೆಸ್ಕೊಳ್ತಾರೆ" ಎಂದ ಯಜಮಾನ ಸಮಾಧಾನ ಮಾಡುವವನಂತೆ.

ಅಜ್ಜಿ ಅತ್ತೆಯ ಎರಡೂ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಬಿದಿರಿನ ಸಿಬಿರು ಚುಚ್ಚಿದ ಗುರುತುಗಳ ಮೇಲೆ ಹೆಬ್ಬೆರಳಾಡಿಸಿದಳು. "ಮೀನಂತೂ ಬೀಳ್ತಿತ್ತು ಬಿಡು" ಎಂದಳು. ಅಜ್ಜಿಯ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಸೊಸೆಯೂ ಕೇಳಿರಲಿಲ್ಲವಂತೆ.

ಆ ಮುಂದಿನ ವರ್ಷ ಅಜ್ಜಿ ತೀರಿಕೊಂಡಳು. ಅತ್ತೆ ಹಾಡಿಯಲ್ಲೇ ಉಳಿದು, ಸೊಸೆಯ ಪಕ್ಕದಲ್ಲಿ ಕುಳಿತು ಅತ್ತು ಬಂದಳು. ಕೆಲಸ ನಿಲ್ಲಲಿಲ್ಲ. ಸೊಸೆ ಹೊಳೆ ದಡದಲ್ಲಿ ಒಂದು ಶೆಡ್ ಕಟ್ಟಿಸಿದಳು. ಗೂಡಿಗೆ ಹೋಗುತ್ತಿದ್ದ ಇನ್ನೂ ಕೆಲವು ಹೆಂಗಸರು ಅಲ್ಲಿಗೆ ಬಂದರು. ಚಿಕ್ಕ ಕೋಣೆಗೆ ಚಿಕ್ಕ ಕೂಳಿ, ಹಾಸಿಗೆ ಪಕ್ಕಕ್ಕೆ ಗಿಡ್ಡ ಕೂಳಿ ಎಂದು ಅವಳೇ ಹೊಸ ಹೊಸದು ಹುಟ್ಟಿಸಿದಳು. ಗಂಟಲನ್ನು ಮಾತ್ರ ಬಿಡಲಿಲ್ಲ.

ಒಮ್ಮೆ ದೊಡ್ಡ ಊರಿನ ವ್ಯಾಪಾರಿಯೊಬ್ಬ ಎಲ್ಲಕ್ಕೂ ಚಿನ್ನದ ಬಣ್ಣ ಬಳಿದು, ಈ ತಿಂಗಳೊಳಗೆ ಕೊಡಬೇಕೆಂದು ಅತ್ತೆಯನ್ನು ಕೇಳಿದ. ಅತ್ತೆ ಅಭ್ಯಾಸಬಲದಿಂದ "ಆಗುತ್ತೆ" ಎಂದುಬಿಟ್ಟಳು. ಸೊಸೆಗೆ ತಿಳಿದು, ಮೊದಲ ಬಸ್ಸಿಗೇ ಬಂದು ಅಂಗಡಿಯ ಸ್ಟೂಲಿನ ಮೇಲೆ ಕುಳಿತಳು.

"ಅಕ್ಕಾ, ಇನ್ಮೇಲೆ ನೀವು ಮಾತು ಕೊಡಬೇಡಿ. ನೀರಲ್ಲಿ ನೆನೆಯೋಕೆ ಟೈಮ್ ಬೇಕು, ನೀವೇ ಕಂಡುಹಿಡಿದಿದ್ದು. ಯಾರು ಬಂದ್ರೂ ನನ್ನ ಹತ್ರ ಕಳಿಸಿ."

ಅಂದು ಅತ್ತೆ ಮುಖ ಊದಿಸಿಕೊಂಡು ಮನೆಗೆ ಬಂದಳು. "ಏಣಿ ಹತ್ತಿಸಿದವಳನ್ನೇ ಏಣಿ ಸಮೇತ ಪಕ್ಕಕ್ಕಿಟ್ಟಳು" ಎಂದು ಅಮ್ಮನ ಹತ್ತಿರ ಗೊಣಗಿದಳು. ಮಲಗುವ ಮೊದಲು ಅವಳೇ, "ಆದ್ರೂ ಹೇಳಿದ್ದು ಸರಿಯಾಗೇ ಇದೆ ಬಿಡು" ಎಂದಳು. ಚಿನ್ನದ ಬಣ್ಣದ ವ್ಯಾಪಾರಿಯನ್ನು ಸೊಸೆ ಎರಡೇ ಮಾತಿನಲ್ಲಿ ವಾಪಸ್ ಕಳಿಸಿದಳು. ಅವನು ಆರು ತಿಂಗಳ ಮೇಲೆ ಬಣ್ಣವಿಲ್ಲದ್ದನ್ನೇ ಕೇಳಿಕೊಂಡು ಬಂದ.

ಈಗ ಅತ್ತೆಯ ತಲೆ ಪೂರ್ತಿ ಬೆಳ್ಳಗಾಗಿದೆ. ಹಾಡಿಯ ಶೆಡ್ಡಿಗೆ ಹೋಲ್ಡರು, ವೈರು ಒದಗಿಸುವುದು ಅವಳ ಅಂಗಡಿಯೇ. ಮೊನ್ನೆ ಸೊಸೆ ಬಂದು, ಹಿಂದಿನ ವಾರ ಕೊಟ್ಟ ಹೋಲ್ಡರುಗಳ ಪೆಟ್ಟಿಗೆಯನ್ನು ಹಾಗೆಯೇ ಕೌಂಟರಿನ ಮೇಲಿಟ್ಟಳಂತೆ. "ಸ್ಕ್ರೂ ಸಡಿಲ ಅಕ್ಕ. ಇವು ಬೇಡ, ಒಳ್ಳೇವು ತರಿಸಿಕೊಡಿ. ನನ್ನ ದೀಪಕ್ಕೆ ಕೆಟ್ಟ ಹೆಸರು ಬರುತ್ತೆ."

ಅತ್ತೆ ಇದನ್ನು ರಾತ್ರಿ ಊಟಕ್ಕೆ ಕುಳಿತಾಗ ನಮಗೆಲ್ಲ ಹೇಳಿದಳು. ಸೊಸೆ ಸೊಂಟದ ಮೇಲೆ ಕೈಯಿಟ್ಟು ನಿಂತ ಭಂಗಿ, ಪೆಟ್ಟಿಗೆ ತಳ್ಳಿದ ರೀತಿ, ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. "ನನ್ನ ಮಾಲನ್ನೇ ವಾಪಸ್ ಮಾಡಿದಳು ಕಣೋ ಅಣ್ಣ, ನನ್ನ ಮಾಲನ್ನೇ!" ಎಂದು ನಮ್ಮಪ್ಪನ ತೊಡೆ ತಟ್ಟಿ ಹೇಳುವಾಗ ಅವಳ ಮುಖ ನೋಡಬೇಕಿತ್ತು.